ಮಕ್ಕಳ ಶುಗರ್, ಬೊಜ್ಜು: ‘ಹೊಸ ಸಂಶೋಧನೆ’ ಸುದ್ದಿ ಬಂದಾಗ ಅದನ್ನು ಓದುವುದು ಹೇಗೆ?

‘ಇದನ್ನ ನೋಡಿದ್ರಾ? ನಮ್ಮ ಮಗುವಿಗೂ ಕೊಡಬಹುದಾ?’

ಒಂದು ಲಿಂಕ್, ಅದರ ಕೆಳಗೆ ಈ ಪ್ರಶ್ನೆ. ಮಕ್ಕಳ ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ನನಗೆ ಅತಿ ಹೆಚ್ಚು ಬಂದಿರುವುದು ಇದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು, ಅಂಥ ಲಿಂಕ್ ತೆರೆದಾಗ ನಾನು ಯಾವ ಕ್ರಮದಲ್ಲಿ ಓದುತ್ತೇನೆ ಅನ್ನುವುದನ್ನೇ ಇಲ್ಲಿ ಹೇಳುತ್ತೇನೆ. ನಾನು ಡಾಕ್ಟರ್ ಅಲ್ಲ. ಔಷಧಿ ಶುರು ಮಾಡುವುದು, ನಿಲ್ಲಿಸುವುದು ಡಾಕ್ಟರ್ ಹೇಳಬೇಕಾದ ಮಾತು. ಅವರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳುವುದಕ್ಕೆ ಮಾತ್ರ ಈ ಲೇಖನ.

ಮೊದಲೇ ಒಂದು ಎಚ್ಚರಿಕೆ. ಮಗು ವಿಪರೀತ ನೀರು ಕುಡಿಯುತ್ತಿದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ, ತೂಕ ಇಳಿಯುತ್ತಿದೆ ಅಂದರೆ ಸಂಶೋಧನೆ ಓದುತ್ತಾ ಕೂರಬೇಡಿ. ಅವತ್ತೇ ಶುಗರ್ ಪರೀಕ್ಷೆ ಮಾಡಿಸಿ. ಜೊತೆಗೆ ವಾಂತಿ, ಹೊಟ್ಟೆನೋವು, ಜೋರಾದ ಉಸಿರಾಟ, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ ಇದ್ದರೆ ಅದು ಕೀಟೊಆಸಿಡೋಸಿಸ್ ಇರಬಹುದು. ಅಂದರೆ ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಕರಗಿಸುತ್ತಾ ಹೋಗಿ ರಕ್ತ ಆಮ್ಲೀಯವಾಗುವ ಸ್ಥಿತಿ. ಇದು ಜೀವಕ್ಕೆ ಅಪಾಯ. ನೇರ ಆಸ್ಪತ್ರೆಗೆ ಹೋಗಿ.

ಶುರು ಮಾಡುವ ಮೊದಲು ಏನು ಬೇಕು?

ಒಂದು ಹಾಳೆ ತೆಗೆದುಕೊಳ್ಳಿ. ಮಗುವಿನ ವಯಸ್ಸು, ಎತ್ತರ, ತೂಕ, ಯಾವ ಟೈಪ್ ಮಧುಮೇಹ, ಗೊತ್ತಾಗಿ ಎಷ್ಟು ದಿನವಾಯಿತು, ಕೊನೆಯ ಎಚ್‌ಬಿಎ1ಸಿ ಎಷ್ಟು, ಈಗ ಯಾವ ಔಷಧಿ ನಡೆಯುತ್ತಿದೆ ಅಂತ ಬರೆದುಕೊಳ್ಳಿ. ಎಚ್‌ಬಿಎ1ಸಿ ಅಂದರೆ ಕಳೆದ ಎರಡು ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ತೋರಿಸುವ ಪರೀಕ್ಷೆ. ಈ ಹಾಳೆ ಪಕ್ಕದಲ್ಲಿಲ್ಲದೆ ಯಾವ ಅಧ್ಯಯನ ಓದಿದರೂ ಅದು ನಿಮ್ಮ ಮಗುವಿನ ಬಗ್ಗೆಯೇ ಬರೆದಂತೆ ಕಾಣುತ್ತದೆ.

ಹಂತ 1: ಯಾವ ಕಾಯಿಲೆಯ ಸಂಶೋಧನೆ ಅಂತ ನೋಡಿ

ಸುದ್ದಿಯ ತಲೆಬರಹದಲ್ಲಿ ‘ಮಧುಮೇಹ’ ಅಂತಷ್ಟೇ ಇರುತ್ತದೆ. ಅರ್ಧ ಗೊಂದಲ ಹುಟ್ಟುವುದು ಅಲ್ಲೇ.

ಟೈಪ್ 1ರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆ ಇನ್ಸುಲಿನ್ ತಯಾರಿಸುವ ಕೋಶಗಳನ್ನೇ ನಾಶ ಮಾಡುತ್ತದೆ. ಇದು ಸಿಹಿ ತಿಂದದ್ದರಿಂದ ಬರುವುದಲ್ಲ, ಅಪ್ಪ ಅಮ್ಮನ ತಪ್ಪಿನಿಂದ ಬರುವುದೂ ಅಲ್ಲ. ಇನ್ಸುಲಿನ್ ಬೇಕೇ ಬೇಕು. ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ದೇಹ ಅದರ ಮಾತು ಕೇಳುವುದಿಲ್ಲ. ಮಕ್ಕಳಲ್ಲಿ ಇದು ಹೆಚ್ಚಾಗಿ ಹರೆಯಕ್ಕೆ ಕಾಲಿಡುವ ಹೊತ್ತಿಗೆ, ಬೊಜ್ಜಿನ ಜೊತೆ ಕಾಣಿಸಿಕೊಳ್ಳುತ್ತದೆ. ಬೊಜ್ಜು ಇವೆರಡಕ್ಕಿಂತ ಬೇರೆಯೇ ಒಂದು ಸಮಸ್ಯೆ. ಬೊಜ್ಜಿರುವ ಎಲ್ಲ ಮಕ್ಕಳಿಗೂ ಶುಗರ್ ಬರುವುದಿಲ್ಲ.

ಇಲ್ಲಿ ಎಡವುವವರು ಜಾಸ್ತಿ. ದಪ್ಪಗಿದ್ದರೆ ಟೈಪ್ 2, ಸಣ್ಣಗಿದ್ದರೆ ಟೈಪ್ 1 ಅಂತ ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ದಪ್ಪಗಿರುವ ಮಗುವಿಗೂ ಟೈಪ್ 1 ಬರುತ್ತದೆ. ಅನುಮಾನವಿದ್ದರೆ ಆಟೊಆಂಟಿಬಾಡಿ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ. ತನ್ನದೇ ಕೋಶಗಳ ಮೇಲೆ ದೇಹ ದಾಳಿ ಮಾಡುತ್ತಿರುವುದರ ಗುರುತು ರಕ್ತದಲ್ಲಿ ಇದೆಯೇ ಅಂತ ನೋಡುವ ಪರೀಕ್ಷೆ ಅದು.

ಹಂತ 2: ಸುದ್ದಿ ಬಿಡಿ, ಮೂಲ ಹುಡುಕಿ

ಪಬ್‌ಮೆಡ್ ಅನ್ನುವ ಉಚಿತ ತಾಣದಲ್ಲಿ ಔಷಧಿಯ ಹೆಸರು, ಕಾಯಿಲೆಯ ಹೆಸರು, ಮಕ್ಕಳು ಅನ್ನುವ ಅರ್ಥದ ಇಂಗ್ಲಿಷ್ ಪದ, ಇಷ್ಟು ಹಾಕಿ ಹುಡುಕಿ. ಅಬ್‌ಸ್ಟ್ರಾಕ್ಟ್, ಅಂದರೆ ಸಂಶೋಧಕರೇ ಬರೆದ ಒಂದು ಪುಟದ ಸಾರಾಂಶ, ಸಿಗುತ್ತದೆ. ಅರ್ಥವಾಗದ ಪದಗಳಿಗೆ ಹೆದರಬೇಡಿ. ನಿಮಗೆ ಬೇಕಾದದ್ದು ನಾಲ್ಕೇ: ಯಾರು, ಏನು ಕೊಟ್ಟರು, ಯಾವುದಕ್ಕೆ ಹೋಲಿಸಿದರು, ಎಷ್ಟು ದಿನ. ಈ ನಾಲ್ಕೂ ಸಾರಾಂಶದಲ್ಲೇ ಇರುತ್ತವೆ.

ಮೂಲವೇ ಸಿಗಲಿಲ್ಲವಾ? ಸುದ್ದಿಯಲ್ಲಿ ‘ವಿಜ್ಞಾನಿಗಳು ಹೇಳುತ್ತಾರೆ’ ಅಂತಷ್ಟೇ ಇದೆಯಾ? ಅಲ್ಲಿಗೆ ಬಿಟ್ಟುಬಿಡಿ. ಪ್ರಯೋಗ ಇಲಿಗಳ ಮೇಲೆ ಆಗಿದ್ದರೂ ಅಷ್ಟೇ. ಇಲಿಗಳಲ್ಲಿ ವಾಸಿಯಾದ ಟೈಪ್ 1 ಮನುಷ್ಯರಲ್ಲಿ ವಾಸಿಯಾಗದ ಉದಾಹರಣೆಗಳು ಬೇಕಾದಷ್ಟಿವೆ.

ಹಂತ 3: ಪಾಲ್ಗೊಂಡವರು ಯಾರು?

2017ರಲ್ಲಿ ಬ್ರಿಟನ್ನಿನ ಡೈರೆಕ್ಟ್ ಅನ್ನುವ ಪ್ರಯೋಗದ ಫಲಿತಾಂಶ ಬಂತು. ದಿನಕ್ಕೆ ಸುಮಾರು 850 ಕ್ಯಾಲೊರಿಯ ದ್ರವಾಹಾರವನ್ನು ಮೂರರಿಂದ ಐದು ತಿಂಗಳು ಕೊಟ್ಟು, ಆಮೇಲೆ ನಿಧಾನವಾಗಿ ಊಟಕ್ಕೆ ತಂದರು. ವರ್ಷದ ಕೊನೆಗೆ ಆ ಗುಂಪಿನ 46% ಜನ ಔಷಧಿಯಿಲ್ಲದೆ ಮಧುಮೇಹದ ಗೆರೆಗಿಂತ ಕೆಳಗಿದ್ದರು. ದೊಡ್ಡ ಸುದ್ದಿಯೇ. ‘ಡಯಟ್‌ನಿಂದ ಶುಗರ್ ರಿವರ್ಸ್’ ಅಂತ ಇವತ್ತಿಗೂ ಓಡಾಡುವ ಎಷ್ಟೋ ವಿಡಿಯೊಗಳಲ್ಲಿ ಇದರ ಹೆಸರು ಬರುತ್ತದೆ.

ಈಗ ನಿಮ್ಮ ಹಾಳೆ ನೋಡಿ. ಆ ಪ್ರಯೋಗದಲ್ಲಿದ್ದವರು 20ರಿಂದ 65 ವರ್ಷದವರು. ಎಲ್ಲರಿಗೂ ಟೈಪ್ 2. ಕಾಯಿಲೆ ಗೊತ್ತಾಗಿ ಆರು ವರ್ಷದೊಳಗಿನವರು. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದವರನ್ನು ಸೇರಿಸಿಕೊಂಡೇ ಇರಲಿಲ್ಲ. ಒಂಬತ್ತು ವರ್ಷದ, ಬೆಳೆಯುತ್ತಿರುವ, ಟೈಪ್ 1 ಇರುವ ಮಗುವಿಗೆ ಇದರಲ್ಲಿ ಒಂದು ಸಾಲೂ ಅನ್ವಯಿಸುವುದಿಲ್ಲ. ಅನ್ವಯಿಸಲು ಹೋದರೆ ಅಪಾಯ.

ಮಕ್ಕಳು ಅಂದರೆ ಪುಟ್ಟ ದೊಡ್ಡವರಲ್ಲ ಅನ್ನುವುದು ಟೈಪ್ 2ರಲ್ಲೂ ಗೊತ್ತಾಗಿದೆ. ಅದನ್ನು ತೋರಿಸಿದ ಪ್ರಯೋಗದ ವಿಷಯ ಹಂತ 6ರಲ್ಲಿ ಬರುತ್ತದೆ.

ಹಂತ 4: ಯಾವುದಕ್ಕೆ ಹೋಲಿಸಿದರು?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೋಗೋಣ.

2012ರಲ್ಲಿ ನೆದರ್‌ಲೆಂಡ್ಸ್‌ನ ಒಂದು ಅಧ್ಯಯನ ಪ್ರಕಟವಾಯಿತು. ಸುಮಾರು ಐದರಿಂದ ಹನ್ನೆರಡು ವರ್ಷದೊಳಗಿನ 641 ಮಕ್ಕಳು. ಎಲ್ಲರಿಗೂ ದಿನಕ್ಕೊಂದು ಡಬ್ಬಿ, 250 ಮಿಲಿಲೀಟರ್ ಪಾನೀಯ. ಅರ್ಧದಷ್ಟು ಮಕ್ಕಳ ಡಬ್ಬಿಯಲ್ಲಿ ಸಕ್ಕರೆ, ಅಂದರೆ 104 ಕ್ಯಾಲೊರಿ. ಉಳಿದರ್ಧದ ಡಬ್ಬಿಯಲ್ಲಿ ಸಕ್ಕರೆ ಇಲ್ಲ, ಅದರ ಬದಲು ಕೃತಕ ಸಿಹಿ. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಯಾವ ಡಬ್ಬಿಯಲ್ಲಿ ಏನಿದೆ ಅಂತ ಮಕ್ಕಳಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಹದಿನೆಂಟು ತಿಂಗಳು ಹೀಗೇ ನಡೆಯಿತು.

ಕೊನೆಗೆ ಸಕ್ಕರೆ ಇಲ್ಲದ ಡಬ್ಬಿ ಕುಡಿದ ಮಕ್ಕಳ ತೂಕ ಸರಾಸರಿ 6.35 ಕಿಲೊ ಏರಿತ್ತು.

ಇಷ್ಟನ್ನೇ ಯಾರಾದರೂ ನಿಮಗೆ ಹೇಳಿದರೆ? ‘ಅಯ್ಯೋ, ಶುಗರ್-ಫ್ರೀ ಕುಡಿದರೂ ಆರು ಕಿಲೊ ಜಾಸ್ತಿ ಆಯ್ತಲ್ಲ’ ಅನ್ನುತ್ತೀರಿ, ಅಲ್ವಾ? ಈಗ ಇನ್ನೊಂದು ಗುಂಪು ನೋಡಿ. ಸಕ್ಕರೆ ಡಬ್ಬಿ ಕುಡಿದವರು 7.37 ಕಿಲೊ ಏರಿದ್ದರು. ಮಕ್ಕಳು ಬೆಳೆಯುತ್ತಾರೆ. ಹದಿನೆಂಟು ತಿಂಗಳಲ್ಲಿ ತೂಕ ಏರಲೇಬೇಕು. ಲೆಕ್ಕಕ್ಕೆ ಬರುವುದು ಎರಡರ ನಡುವಿನ ಆ ಒಂದು ಕಿಲೊ ಮಾತ್ರ. ದಿನಕ್ಕೊಂದು ಡಬ್ಬಿಯ ಬೆಲೆ ಅದು. ಹೋಲಿಸುವ ಗುಂಪು ಇಲ್ಲದಿದ್ದರೆ ಆ ಒಂದು ಕಿಲೊ ಕಾಣುತ್ತಲೇ ಇರಲಿಲ್ಲ.

ಟೈಪ್ 1ರಲ್ಲಿ ಇದೇ ಬಲೆ ಬೇರೆ ವೇಷದಲ್ಲಿ ಬರುತ್ತದೆ. ಕಾಯಿಲೆ ಗೊತ್ತಾಗಿ ಇನ್ಸುಲಿನ್ ಶುರು ಮಾಡಿದ ಕೆಲವು ವಾರಗಳಿಗೆ ಎಷ್ಟೋ ಮಕ್ಕಳಿಗೆ ಇನ್ಸುಲಿನ್ ತುಂಬ ಕಡಿಮೆ ಸಾಕಾಗುತ್ತದೆ. ಉಳಿದಿರುವ ಕೋಶಗಳು ಸುಧಾರಿಸಿಕೊಂಡು ಮತ್ತೆ ಒಂದಷ್ಟು ಇನ್ಸುಲಿನ್ ಕೊಡುತ್ತವೆ. ಡಾಕ್ಟರುಗಳು ಇದನ್ನು ಹನಿಮೂನ್ ಅವಧಿ ಅನ್ನುತ್ತಾರೆ. ಕೆಲವು ವಾರ ಇರಬಹುದು, ಕೆಲವು ತಿಂಗಳೂ ಇರಬಹುದು. ಆಮೇಲೆ ಮುಗಿಯುತ್ತದೆ. ಸರಿಯಾಗಿ ಆ ಸಮಯದಲ್ಲಿ ಯಾರೋ ಹೇಳಿದ ಪುಡಿಯನ್ನೋ ಕಷಾಯವನ್ನೋ ಶುರು ಮಾಡಿದ್ದರೆ, ಹೆಸರು ಅದಕ್ಕೆ ಹೋಗುತ್ತದೆ. ‘ನಮ್ಮ ಮಗಳಿಗೆ ಮೂರೇ ವಾರದಲ್ಲಿ ಇನ್ಸುಲಿನ್ ಅರ್ಧ ಆಯ್ತು’ ಅನ್ನುವ ತಾಯಿ ಸುಳ್ಳು ಹೇಳುತ್ತಿಲ್ಲ. ಪುಡಿ ಕೊಡದಿದ್ದರೂ ಅದು ಅರ್ಧ ಆಗುತ್ತಿತ್ತು, ಅಷ್ಟೇ. ಆ ಧೈರ್ಯದ ಮೇಲೆ ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಮಗು ಕೀಟೊಆಸಿಡೋಸಿಸ್‌ಗೆ ಹೋಗುತ್ತದೆ. ಇದೊಂದನ್ನು ಯಾವ ಕಾರಣಕ್ಕೂ ಮಾಡಬೇಡಿ.

ಹಂತ 5: ಸಂಖ್ಯೆಗಳನ್ನು ಮನೆಯ ಲೆಕ್ಕಕ್ಕೆ ಇಳಿಸಿ

ಪರ್ಸೆಂಟ್ ಕಂಡ ಕೂಡಲೇ ‘ಯಾವುದರ ಪರ್ಸೆಂಟ್?’ ಅಂತ ಕೇಳಿ.

ಬೊಜ್ಜಿನ ಔಷಧಿ ಸೆಮಾಗ್ಲುಟೈಡ್ ಬಗ್ಗೆ ಈಚೆಗೆ ತುಂಬ ಪ್ರಶ್ನೆ ಬರುತ್ತಿದೆ. ವಾರಕ್ಕೊಂದು ಇಂಜೆಕ್ಷನ್. 12ರಿಂದ 18 ವರ್ಷದೊಳಗಿನ 201 ಮಕ್ಕಳ ಮೇಲಿನ ಸ್ಟೆಪ್ ಟೀನ್ಸ್ ಪ್ರಯೋಗ 2022ರಲ್ಲಿ ಪ್ರಕಟವಾಯಿತು. 68 ವಾರಗಳಲ್ಲಿ ಔಷಧಿ ಪಡೆದವರ ಬಿಎಂಐ ಸರಾಸರಿ 16.1% ಇಳಿಯಿತು. ಪ್ಲಾಸಿಬೊ, ಅಂದರೆ ಔಷಧಿಯಿಲ್ಲದ ಡಮ್ಮಿ ಇಂಜೆಕ್ಷನ್, ಪಡೆದವರದ್ದು 0.6% ಏರಿತು. ಎರಡೂ ಗುಂಪಿಗೆ ಆಹಾರ, ವ್ಯಾಯಾಮದ ಸಲಹೆ ಇದ್ದೇ ಇತ್ತು.

ಬಿಎಂಐ ಅಂದರೆ ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ. ಆ ಮಕ್ಕಳ ಬಿಎಂಐ ಶುರುವಿನಲ್ಲಿ ಸರಾಸರಿ 37 ಇತ್ತು. ಅದರಲ್ಲಿ 16.1% ಕಳೆದರೆ ಸುಮಾರು 31. ಆರೋಗ್ಯಕ್ಕೆ ಇದು ದೊಡ್ಡ ಲಾಭವೇ. ಆದರೆ 31 ಕೂಡ ಆ ವಯಸ್ಸಿಗೆ ಬೊಜ್ಜಿನ ಗೆರೆಯ ಮೇಲೆಯೇ ಇದೆ. ‘ಇಂಜೆಕ್ಷನ್ ಹಾಕಿಸಿದರೆ ಸಣ್ಣ ಆಗಿಬಿಡ್ತಾಳೆ’ ಅನ್ನುವ ನಿರೀಕ್ಷೆ ಇಟ್ಟುಕೊಂಡವರು ಈ ಲೆಕ್ಕವನ್ನು ಒಮ್ಮೆ ಮಾಡಲಿ. ಸ್ವಲ್ಪವೇ ದಪ್ಪಗಿರುವ ಎಂಟು ವರ್ಷದ ಮಗುವಿಗೂ ಈ ಪ್ರಯೋಗಕ್ಕೂ ಸಂಬಂಧವೇ ಇಲ್ಲ.

ಅಂದಹಾಗೆ, ದೊಡ್ಡವರ 25, 30ರ ಗೆರೆಗಳನ್ನು ಮಕ್ಕಳಿಗೆ ನೇರವಾಗಿ ಹಾಕಬೇಡಿ. ಮಕ್ಕಳಿಗೆ ಪರ್ಸೆಂಟೈಲ್ ಬೇಕು. ಅದೇ ವಯಸ್ಸಿನ, ಅದೇ ಲಿಂಗದ ನೂರು ಮಕ್ಕಳನ್ನು ಬಿಎಂಐ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಿಮ್ಮ ಮಗು ಎಷ್ಟನೆಯದು ಅನ್ನುವುದೇ ಪರ್ಸೆಂಟೈಲ್. ಅಮೆರಿಕದ ಅಳತೆಯಲ್ಲಿ 85ರಿಂದ ಮೇಲೆ ಹೆಚ್ಚು ತೂಕ, 95ರಿಂದ ಮೇಲೆ ಬೊಜ್ಜು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಬೇರೆ. ಒಂದೇ ಮಗು ಒಂದು ಅಳತೆಯಲ್ಲಿ ಬೊಜ್ಜು, ಇನ್ನೊಂದರಲ್ಲಿ ಬರೀ ಹೆಚ್ಚು ತೂಕ ಅಂತ ಬರಬಹುದು. ಗಾಬರಿ ಬೇಡ. ಯಾವ ಅಳತೆ ಅಂತ ಕೇಳಿ, ಪ್ರತಿ ಸಲ ಅದನ್ನೇ ಬಳಸಿ.

ಟೈಪ್ 1 ಮಕ್ಕಳ ಅಧ್ಯಯನಗಳಲ್ಲಿ ‘ಟೈಮ್ ಇನ್ ರೇಂಜ್’ ಅನ್ನುವ ಮಾತು ಬರುತ್ತದೆ. ಚರ್ಮಕ್ಕೆ ಅಂಟಿಸುವ ಸೆನ್ಸರ್ ದಿನವಿಡೀ ಸಕ್ಕರೆ ಅಳೆಯುತ್ತದೆ. ಅದರಲ್ಲಿ ಎಷ್ಟು ಹೊತ್ತು 70ರಿಂದ 180ರ ನಡುವೆ ಇತ್ತು ಅನ್ನುವುದೇ ಇದು. ಪರ್ಸೆಂಟನ್ನು ಗಂಟೆಗೆ ಬದಲಾಯಿಸಿ ನೋಡಿ, ತಟ್ಟನೆ ಅರ್ಥವಾಗುತ್ತದೆ. ಸೆನ್ಸರ್ ಹೇಳಿದಂತೆ ಪಂಪ್ ತಾನೇ ಇನ್ಸುಲಿನ್ ಹೊಂದಿಸುವ ವ್ಯವಸ್ಥೆಯನ್ನು 6ರಿಂದ 13 ವರ್ಷದ 101 ಮಕ್ಕಳಲ್ಲಿ 16 ವಾರ ಪರೀಕ್ಷಿಸಿದರು. 2020ರ ಫಲಿತಾಂಶ ಇದು. ಆ ಮಕ್ಕಳು 67% ಹೊತ್ತು ರೇಂಜ್‌ನಲ್ಲಿದ್ದರು. ಹೋಲಿಕೆಯ ಗುಂಪು 55%. ಶುರುವಿನ ವ್ಯತ್ಯಾಸ ಸರಿದೂಗಿಸಿದರೆ ಲಾಭ 11 ಅಂಶ, ಅಂದರೆ ದಿನಕ್ಕೆ ಸುಮಾರು 2.6 ಗಂಟೆ. ರಾತ್ರಿ ಎರಡು ಸಲ ಎದ್ದು ಶುಗರ್ ನೋಡುವ ಅಪ್ಪ ಅಮ್ಮಂದಿರಿಗೆ ಆ ಎರಡೂವರೆ ಗಂಟೆಯ ಬೆಲೆ ನಾನು ಹೇಳಬೇಕಾಗಿಲ್ಲ.

ಹಂತ 6: ಎಷ್ಟು ದಿನ? ಆಮೇಲೆ ಏನಾಯಿತು?

16 ವಾರ, 68 ವಾರ, 18 ತಿಂಗಳು. ಬಾಲ್ಯ ಇದಕ್ಕಿಂತ ಉದ್ದ. ಸುದ್ದಿ ಬರುವುದು ಪ್ರಯೋಗ ಮುಗಿದ ದಿನ. ಮುಂದಿನ ಕಥೆ ಸುದ್ದಿಯಾಗುವುದು ಕಡಿಮೆ. ಸೆಮಾಗ್ಲುಟೈಡ್ ನಿಲ್ಲಿಸಿದ ದೊಡ್ಡವರಲ್ಲಿ ಒಂದೇ ವರ್ಷದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಅದಕ್ಕೇ ‘ಎಷ್ಟು ವರ್ಷ ಹಾಕಿಸಬೇಕು?’ ಅನ್ನುವ ಪ್ರಶ್ನೆ ‘ಎಷ್ಟು ಇಳಿಯುತ್ತೆ?’ ಅನ್ನುವುದಕ್ಕಿಂತ ಮೊದಲು ಬರಬೇಕು.

ಮಧ್ಯದಲ್ಲಿ ಬಿಟ್ಟುಹೋದವರ ಸಂಖ್ಯೆಯನ್ನೂ ನೋಡಿ. ಆ ಡಬ್ಬಿಯ ಅಧ್ಯಯನದಲ್ಲೇ 26% ಮಕ್ಕಳು ನಡುವೆ ಕುಡಿಯುವುದನ್ನು ನಿಲ್ಲಿಸಿದ್ದರು.

ಈಗ ಟುಡೇ ಅಧ್ಯಯನ. ಅಮೆರಿಕದಲ್ಲಿ 10ರಿಂದ 17 ವರ್ಷದ, ಟೈಪ್ 2 ಇರುವ 699 ಮಕ್ಕಳು. ಮೂರು ಗುಂಪು: ಮೆಟ್‌ಫಾರ್ಮಿನ್ ಮಾತ್ರೆ ಒಂದೇ, ಮೆಟ್‌ಫಾರ್ಮಿನ್ ಜೊತೆ ರೋಸಿಗ್ಲಿಟಾಜೋನ್ ಅನ್ನುವ ಇನ್ನೊಂದು ಶುಗರ್ ಮಾತ್ರೆ, ಮೆಟ್‌ಫಾರ್ಮಿನ್ ಜೊತೆ ತೀವ್ರವಾದ ಆಹಾರ, ವ್ಯಾಯಾಮದ ಕಾರ್ಯಕ್ರಮ. ಸರಾಸರಿ ನಾಲ್ಕು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಗಮನಿಸಿ 2012ರಲ್ಲಿ ಪ್ರಕಟಿಸಿದರು. ಶುಗರ್ ಹಿಡಿತ ತಪ್ಪಿದವರು ಕ್ರಮವಾಗಿ 51.7%, 38.6%, 46.6%. ಬರೀ ಮಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸೋತರು. ಅಷ್ಟು ಶ್ರಮದ ಕಾರ್ಯಕ್ರಮ ಸೇರಿಸಿದರೂ ಸಂಖ್ಯೆಶಾಸ್ತ್ರದ ಲೆಕ್ಕದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ.

ಅವರನ್ನು ಅಲ್ಲಿಗೇ ಬಿಡದೆ ಗಮನಿಸುತ್ತಾ ಹೋದರು. 2021ರ ವರದಿಯಲ್ಲಿ ಅವರ ಸರಾಸರಿ ವಯಸ್ಸು 26. ಕಾಯಿಲೆ ಗೊತ್ತಾಗಿ ಸರಾಸರಿ 13 ವರ್ಷ. ಅಷ್ಟರಲ್ಲಿ ಸುಮಾರು 60% ಜನರಿಗೆ ಕಣ್ಣು, ಕಿಡ್ನಿ ಅಥವಾ ನರಕ್ಕೆ ಸಂಬಂಧಿಸಿದ ಒಂದಾದರೂ ತೊಂದರೆ ಬಂದಿತ್ತು. ‘ಟೈಪ್ 2 ತಾನೇ, ಇನ್ಸುಲಿನ್ ಬೇಡವಲ್ಲ’ ಅಂತ ಸಮಾಧಾನ ಮಾಡಿಕೊಳ್ಳುವವರಿಗೆ ನಾನು ಈ ಸಂಖ್ಯೆ ತೋರಿಸುತ್ತೇನೆ. ಹೆದರಿಸಲು ಅಲ್ಲ. ಟೈಪ್ 2 ಇರುವ ಮಗುವಿಗೆ ಗೊತ್ತಾದ ದಿನದಿಂದಲೇ ಪ್ರತಿ ವರ್ಷ ಕಣ್ಣಿನ ಪರೀಕ್ಷೆ, ಮೂತ್ರದ ಆಲ್ಬ್ಯುಮಿನ್ ಪರೀಕ್ಷೆ (ಕಿಡ್ನಿ ಹೇಗಿದೆ ಅಂತ ತೋರಿಸುವುದು), ಬಿಪಿ ತಪ್ಪದಂತೆ ನೋಡಿಕೊಳ್ಳಲು. ಟೈಪ್ 1 ಮಕ್ಕಳಿಗೂ ಇವು ಬೇಕು. ಯಾವ ವಯಸ್ಸಿನಿಂದ, ಕಾಯಿಲೆ ಬಂದು ಎಷ್ಟು ವರ್ಷದ ಮೇಲೆ ಅಂತ ಡಾಕ್ಟರ್ ಹೇಳುತ್ತಾರೆ.

ಹಂತ 7: ತೊಂದರೆಗಳ ಸಾಲು ಓದದೆ ಪುಟ ಮುಚ್ಚಬೇಡಿ

ಸ್ಟೆಪ್ ಟೀನ್ಸ್‌ನಲ್ಲಿ ವಾಕರಿಕೆ, ವಾಂತಿ, ಭೇದಿಯಂಥ ಹೊಟ್ಟೆಯ ತೊಂದರೆ ಔಷಧಿ ಗುಂಪಿನಲ್ಲಿ 62%, ಡಮ್ಮಿ ಗುಂಪಿನಲ್ಲಿ 42%. ಡಮ್ಮಿಗೂ ಇಷ್ಟಾ ಅಂತ ಆಶ್ಚರ್ಯಪಡಬೇಡಿ. ಹದಿನಾರು ತಿಂಗಳಲ್ಲಿ ಯಾರಿಗೆ ತಾನೇ ಒಮ್ಮೆಯಾದರೂ ಹೊಟ್ಟೆ ಕೆಡುವುದಿಲ್ಲ? ಇಲ್ಲೂ ವ್ಯತ್ಯಾಸವನ್ನೇ ನೋಡಬೇಕು.

1993ರಲ್ಲಿ ಬಂದ ಡಿಸಿಸಿಟಿ ಅಧ್ಯಯನ ಟೈಪ್ 1ರ ಚಿಕಿತ್ಸೆಯನ್ನೇ ಬದಲಿಸಿತು. ಶುಗರನ್ನು ಬಿಗಿಯಾಗಿ ಹಿಡಿದವರಲ್ಲಿ, ಮೊದಲು ಕಣ್ಣಿನ ತೊಂದರೆ ಇಲ್ಲದಿದ್ದವರಿಗೆ ಅದು ಬರುವ ಅಪಾಯ 76% ಕಡಿಮೆಯಾಯಿತು. ಆದರೆ ಶುಗರ್ ತೀರಾ ಕೆಳಗಿಳಿದು ಇನ್ನೊಬ್ಬರ ಸಹಾಯ ಬೇಕಾದ ಘಟನೆಗಳು ಸುಮಾರು ಮೂರು ಪಟ್ಟಾದವು. ಇವತ್ತಿನ ಇನ್ಸುಲಿನ್, ಸೆನ್ಸರ್‌ಗಳಿಂದ ಆ ಅಪಾಯ ತಗ್ಗಿದೆ, ನಿಜ. ಆದರೂ ಸಕ್ಕರೆ ಬಿಗಿ ಮಾಡುವ ಯಾವುದೇ ಹೊಸ ವಿಧಾನದ ಬಗ್ಗೆ ಓದುವಾಗ ‘ಲೋ ಆಗಿದ್ದು ಎಷ್ಟು ಸಲ?’ ಅಂತ ಹುಡುಕಿ.

ಟುಡೇ ಅಧ್ಯಯನದಲ್ಲಿ ಗೆದ್ದದ್ದು ರೋಸಿಗ್ಲಿಟಾಜೋನ್ ಗುಂಪು, ಅಲ್ವಾ? ಆದರೆ ಫಲಿತಾಂಶ ಬರುವ ಹೊತ್ತಿಗೆ, ಹೃದಯದ ತೊಂದರೆಯ ಆತಂಕದಿಂದ 2010ರಲ್ಲೇ ಯುರೋಪಿನಲ್ಲಿ ಆ ಔಷಧಿಯ ಮಾರಾಟ ನಿಂತಿತ್ತು, ಅಮೆರಿಕದಲ್ಲಿ ನಿರ್ಬಂಧ ಬಿದ್ದಿತ್ತು.

ಕ್ರಿಯಾಪದವನ್ನೂ ಗಮನಿಸಿ. ಟೆಪ್ಲಿಜುಮಾಬ್ ಅನ್ನುವ ಔಷಧಿ ಟೈಪ್ 1ನ್ನು ‘ತಡೆಯುತ್ತದೆ’ ಅಂತ ಸುದ್ದಿ ಬಂದಿತ್ತು. 2019ರ ಪ್ರಯೋಗದಲ್ಲಿದ್ದವರು 76 ಜನ. ಅದು ಮಾಡಿದ್ದು ತಡೆಯುವುದಲ್ಲ, ಮುಂದೂಡುವುದು. ಗುಂಪಿನ ಅರ್ಧದಷ್ಟು ಜನರಿಗೆ ಕಾಯಿಲೆ ಕಾಣಿಸಿಕೊಳ್ಳಲು ಡಮ್ಮಿ ಪಡೆದವರಲ್ಲಿ ಸುಮಾರು 24 ತಿಂಗಳು ಹಿಡಿದರೆ, ಔಷಧಿ ಪಡೆದವರಲ್ಲಿ ಸುಮಾರು 48 ತಿಂಗಳು ಹಿಡಿಯಿತು. ಎರಡು ವರ್ಷ ಸೂಜಿಯಿಲ್ಲದ ಬಾಲ್ಯ ಸಿಕ್ಕರೆ ಸಣ್ಣದಲ್ಲ. 2022ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 8 ವರ್ಷ ಮೇಲ್ಪಟ್ಟ, ಆಂಟಿಬಾಡಿ ಬಂದು ಶುಗರ್ ಏರುಪೇರಾಗಲು ಶುರುವಾಗಿ ಇನ್ನೂ ಕಾಯಿಲೆ ಪೂರ್ತಿ ಕಾಣಿಸದವರಿಗೆ. ಈಗಾಗಲೇ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಮಗುವಿಗೆ ಅದು ಅನ್ವಯಿಸುವುದಿಲ್ಲ.

ಹಂತ 8: ಡಾಕ್ಟರ್ ಹತ್ತಿರ ಹೋಗುವಾಗ

ಇಪ್ಪತ್ತು ಲಿಂಕ್ ತೋರಿಸಬೇಡಿ. ಒಂದೇ ಒಂದು ಅಧ್ಯಯನ ಆರಿಸಿ, ನಿಮ್ಮ ಹಾಳೆಯ ಹಿಂಬದಿಗೆ ಐದು ಸಾಲು ಬರೆಯಿರಿ: ಯಾರು, ಏನು, ಯಾವುದಕ್ಕೆ ಹೋಲಿಸಿ, ಎಷ್ಟು ದಿನ, ಏನು ತೊಂದರೆ. ಜೊತೆಗೆ ಎರಡು ವಾರದ ಶುಗರ್ ದಾಖಲೆ ಅಥವಾ ಸೆನ್ಸರ್ ವರದಿ ಇರಲಿ. ಆಮೇಲೆ ಕೇಳಿ: ‘ಈ ಗುಂಪಿಗೆ ನಮ್ಮ ಮಗು ಹೊಂದುತ್ತದೆಯೇ? ಹೊಂದದಿದ್ದರೆ ಯಾವ ಸಾಲಿನಲ್ಲಿ?’

ಬದಲಾವಣೆ ಮಾಡುವುದಾದರೆ ಒಂದು ಸಲಕ್ಕೆ ಒಂದೇ. ಔಷಧಿ, ಊಟ, ವ್ಯಾಯಾಮ ಮೂರನ್ನೂ ಒಂದೇ ವಾರ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಯಾರಾದರೂ ಪ್ರಯೋಗಕ್ಕೇ ಸೇರಿಸಿ ಅಂತ ಕೇಳಿದರೆ ಒಪ್ಪಿಗೆ ಪತ್ರವನ್ನು ಮನೆಗೆ ತಂದು ಓದಿ. ಆ ಪ್ರಯೋಗ ಸಾರ್ವಜನಿಕ ನೋಂದಣಿಯಲ್ಲಿ ದಾಖಲಾಗಿದೆಯೇ ಅಂತ ಕೇಳಿ. ಡಮ್ಮಿ ಗುಂಪಿಗೆ ಬೀಳಬಹುದು ಅನ್ನುವುದು ಗೊತ್ತಿರಲಿ. ಯಾವಾಗ ಬೇಕಾದರೂ ಹೊರಬರಬಹುದು; ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಬಾರದು. ಅರ್ಥವಾಗುವ ವಯಸ್ಸಿನ ಮಗುವಾದರೆ ಅದರ ಒಪ್ಪಿಗೆಯನ್ನೂ ಕೇಳಬೇಕು.

ಕೊನೆಯದಾಗಿ, ಸುದ್ದಿಯೇ ಆಗದ ಒಂದು ಸಂಖ್ಯೆ: 26 ಗಂಟೆ. ಅಮೆರಿಕದ ಮಕ್ಕಳ ವೈದ್ಯರ ಸಂಘ 2023ರ ಮಾರ್ಗಸೂಚಿಯಲ್ಲಿ, ಬೊಜ್ಜಿರುವ ಮಕ್ಕಳಿಗೆ ಮೂರರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ ಇಷ್ಟು ಹೊತ್ತು, ಇಡೀ ಕುಟುಂಬವನ್ನು ಕೂರಿಸಿಕೊಂಡು ಮುಖಾಮುಖಿ ತರಬೇತಿ ಬೇಕು ಅಂತ ಹೇಳಿದೆ. ಹತ್ತು ನಿಮಿಷದ ಭೇಟಿಯಲ್ಲಿ ‘ಕಡಿಮೆ ತಿನ್ನಿಸಿ, ಆಟ ಆಡಿಸಿ’ ಅಂತ ಕೇಳಿಸಿಕೊಂಡು ಬಂದು, ಫಲ ಕಾಣದೆ, ‘ನಮ್ಮ ಮಗುವಿಗೆ ಡಯಟ್ ಕೆಲಸ ಮಾಡಲಿಲ್ಲ’ ಅನ್ನುವವರು ತುಂಬ ಜನ. ಹೊಸ ಇಂಜೆಕ್ಷನ್ ಬಗ್ಗೆ ಕೇಳುವ ದಿನವೇ ಇದನ್ನೂ ಕೇಳಿ: ಆಹಾರ ತಜ್ಞರ ಜೊತೆ ನಮಗೆ ಒಟ್ಟು ಎಷ್ಟು ಗಂಟೆ ಸಿಗುತ್ತದೆ, ಮುಂದಿನ ಭೇಟಿ ಯಾವಾಗ?